ಸೀಟ್ ಬೆಲ್ಟ್ ಹಾಕಿದರೆ ಸಾಲದು, ಸರಿಯಾಗಿ ಹಾಕಬೇಕು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸದಸ್ಯೆಯರಿಗೆ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಈ ಸಭೆಯಲ್ಲಿ ನೀವು ಉಳಿತಾಯ, ಸಾಲ ಮರುಪಾವತಿ, ಪುಸ್ತಕ ಬರವಣಿಗೆ, ಕೈತೋಟ, ಮಕ್ಕಳ ಶಿಕ್ಷಣ ಇವೆಲ್ಲದರ ಬಗ್ಗೆ ಮಾಹಿತಿ ಪಡೆದಿದ್ದೀರಿ. ಇವತ್ತು ನನಗೆ ಕೊಟ್ಟಿರುವ ವಿಷಯ ಕಾರಿನ ಸೀಟ್ ಬೆಲ್ಟ್. "ನಮ್ಮ ಮನೆಯಲ್ಲಿ ಕಾರೇ ಇಲ್ಲ, ನಮಗ್ಯಾಕೆ ಸೀಟ್ ಬೆಲ್ಟ್?" ಎಂದು ಹಿಂದಿನ ಸಾಲಿನಲ್ಲಿ ಕೆಲವರು ಪಿಸುಗುಟ್ಟುತ್ತಿರುವುದು ನನಗೆ ಕೇಳಿಸುತ್ತಿದೆ. ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ.

ಕಳೆದ ಒಂದು ವರ್ಷವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ತವರು ಮನೆಯ ಮದುವೆಗೆ ಹೋದದ್ದು ಯಾವುದರಲ್ಲಿ? ಅತ್ತೆಯನ್ನು ಜಿಲ್ಲಾಸ್ಪತ್ರೆಗೆ ಕರಕೊಂಡು ಹೋದದ್ದು ಯಾವುದರಲ್ಲಿ? ಮಗಳನ್ನು ಬಾಣಂತನಕ್ಕೆ ಮನೆಗೆ ಕರೆತಂದದ್ದು? ಸಂಘದಿಂದ ಅಧ್ಯಯನ ಪ್ರವಾಸಕ್ಕೆ ಹೋದದ್ದು? ಹೆಚ್ಚಿನವರ ಉತ್ತರ ಬಾಡಿಗೆ ಕಾರು, ಓಮ್ನಿ, ಟವೇರಾ ಅಥವಾ ನೆಂಟರ ಕಾರು. ಅಂದರೆ ಕಾರು ನಮ್ಮದಲ್ಲದಿದ್ದರೂ ಕಾರಿನಲ್ಲಿ ಕೂರುವವರು ನಾವೇ. ಅದರಲ್ಲೂ ಹೆಂಗಸರು ಮಕ್ಕಳು ಕೂರುವುದು ಹಿಂದಿನ ಸೀಟಿನಲ್ಲಿ. ಅಲ್ಲಿ ಬೆಲ್ಟ್ ಇದೆಯೋ ಇಲ್ಲವೋ ಎಂದು ನಾವು ನೋಡುವುದೇ ಇಲ್ಲ. ಎಷ್ಟೋ ಕಾರುಗಳಲ್ಲಿ ಹೊಸ ಸೀಟ್ ಕವರ್ ಹಾಕಿಸುವಾಗ ಬೆಲ್ಟಿನ ಲಾಕ್ ಕವರಿನ ಅಡಿಗೆ ಹೋಗಿರುತ್ತದೆ. ಯಾರೂ ಅದನ್ನು ಹುಡುಕಿ ತೆಗೆಯುವುದಿಲ್ಲ.

ಹಿಂದಿನ ಸೀಟು ಸುರಕ್ಷಿತವೇ?

ಹಿಂದೆ ಕೂತವರಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 2022ರ ಸೆಪ್ಟೆಂಬರ್ 4ರಂದು ನಡೆದದ್ದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಟಾಟಾ ಸನ್ಸ್ ಕಂಪೆನಿಯ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿಯವರು ಗುಜರಾತಿನಿಂದ ಮುಂಬೈಗೆ ಬರುತ್ತಿದ್ದ ಕಾರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸೂರ್ಯಾ ನದಿಯ ಸೇತುವೆಯ ಗೋಡೆಗೆ ಬಡಿಯಿತು. ಕಾರಿನಲ್ಲಿ ನಾಲ್ಕು ಜನ ಇದ್ದರು. ಮುಂದಿನ ಸೀಟಿನಲ್ಲಿದ್ದ ಇಬ್ಬರಿಗೆ ತೀವ್ರ ಗಾಯಗಳಾದರೂ ಜೀವ ಉಳಿಯಿತು. ಹಿಂದಿನ ಸೀಟಿನಲ್ಲಿದ್ದ ಮಿಸ್ತ್ರಿಯವರೂ ಅವರ ಜೊತೆಗಿದ್ದವರೂ ತೀರಿಕೊಂಡರು. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ತಿಳಿಸಿದರು. ಅದು ತುಂಬಾ ಬೆಲೆಬಾಳುವ, ಗಟ್ಟಿಯಾದ ಕಾರು. ಅಂಥ ಕಾರಿನ ಹಿಂದಿನ ಸೀಟು ಕೂಡ ಬೆಲ್ಟ್ ಇಲ್ಲದವರನ್ನು ಕಾಪಾಡಲಿಲ್ಲ.

ಇದು ದೊಡ್ಡವರ ಸುದ್ದಿಯಾದ್ದರಿಂದ ಪೇಪರಿನಲ್ಲಿ ಬಂತು. ಸುದ್ದಿಯಾಗದೆ ಹೋದವರು ಎಷ್ಟು ಜನ ಗೊತ್ತಾ? ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 16,715 ಜನ ಸೀಟ್ ಬೆಲ್ಟ್ ಹಾಕದೆ ಇದ್ದವರು. ದಿನಕ್ಕೆ ಸರಾಸರಿ ಸುಮಾರು 46 ಜನ. ಇವರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ಅಂದರೆ ಸುಮ್ಮನೆ ಕೂತು ಪ್ರಯಾಣ ಮಾಡುತ್ತಿದ್ದವರು ಅರ್ಧಕ್ಕರ್ಧ!

ಡಿಕ್ಕಿಯಾದಾಗ ಏನಾಗುತ್ತದೆ?

ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಬಸ್ಸು ನಿಂತಿತು, ಆದರೆ ನಮ್ಮ ಮೈ ನಿಲ್ಲಲಿಲ್ಲ. ಕಾರಿನಲ್ಲೂ ಹಾಗೆಯೇ. ಕಾರು 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಒಳಗೆ ಕೂತ ನಾವೂ ಅದೇ ವೇಗದಲ್ಲಿ ಹೋಗುತ್ತಿರುತ್ತೇವೆ. ಕಾರು ಮರಕ್ಕೋ ಲಾರಿಗೋ ಬಡಿದು ನಿಂತಾಗ ನಮ್ಮನ್ನು ನಿಲ್ಲಿಸುವವರು ಯಾರು? ಬೆಲ್ಟ್ ಇದ್ದರೆ ಬೆಲ್ಟ್ ನಿಲ್ಲಿಸುತ್ತದೆ. ಇಲ್ಲದಿದ್ದರೆ ಮುಂದಿನ ಸೀಟು, ಗಾಜು, ಇಲ್ಲವೇ ಕಾರಿನ ತಗಡು ನಿಲ್ಲಿಸುತ್ತದೆ.

50 ಕಿ.ಮೀ. ವೇಗ ಎಂದರೆ ಹೆಚ್ಚೇನಲ್ಲ ಅಂತ ಅನಿಸುತ್ತದೆ. ಲೆಕ್ಕ ಹಾಕಿದರೆ, ಆ ವೇಗದಲ್ಲಿ ಬಡಿಯುವುದು ಮತ್ತು 32 ಅಡಿ ಎತ್ತರದ ತೆಂಗಿನಮರದ ತುದಿಯಿಂದ ನೆಲಕ್ಕೆ ಬೀಳುವುದು, ಎರಡೂ ಒಂದೇ. 60 ಕಿ.ಮೀ. ಆದರೆ 46 ಅಡಿಯಿಂದ ಬಿದ್ದ ಹಾಗೆ. ತೆಂಗಿನಮರದಿಂದ ಬೀಳುವವರು ಕೈ ಊರಿ ಬಚಾವಾಗಲು ಆಗುತ್ತದೆಯೇ? "ನಾನು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಕೊಂಡಿದ್ದೇನೆ, ಬೆಲ್ಟ್ ಬೇಡ" ಎಂದು ಹೇಳುವುದೂ ಅಷ್ಟೇ.

ಒಂದು ಅಪಘಾತದಲ್ಲಿ ಮೂರು ಡಿಕ್ಕಿಗಳು ಆಗುತ್ತವೆ ಎಂದು ತಿಳಿದವರು ಹೇಳುತ್ತಾರೆ. ಮೊದಲು ಕಾರು ಬಡಿಯುತ್ತದೆ. ಆಮೇಲೆ ನಮ್ಮ ಮೈ ಕಾರಿನ ಒಳಭಾಗಕ್ಕೆ ಬಡಿಯುತ್ತದೆ. ಕೊನೆಗೆ ಮೈಯೊಳಗಿನ ಮೆದುಳು, ಪಿತ್ತಜನಕಾಂಗ, ಕರುಳು ಇವು ಎಲುಬಿಗೆ ಅಥವಾ ಒಂದಕ್ಕೊಂದು ಬಡಿಯುತ್ತವೆ. ಎರಡನೆಯ ಡಿಕ್ಕಿಯನ್ನು ತಪ್ಪಿಸುವುದು, ಮೂರನೆಯದನ್ನು ಕಡಿಮೆ ಮಾಡುವುದು ಬೆಲ್ಟಿನ ಕೆಲಸ. ನಮ್ಮನ್ನು ಥಟ್ಟನೆ ನಿಲ್ಲಿಸದೆ, ಕಾರಿನ ಮುಂಭಾಗ ನಜ್ಜುಗುಜ್ಜಾಗುವ ಆ ಒಂದು ಕ್ಷಣದಲ್ಲಿ ಸ್ವಲ್ಪ ಸ್ವಲ್ಪವೇ ನಿಲ್ಲಿಸುತ್ತದೆ. ಆ ಪೆಟ್ಟನ್ನು ನಮ್ಮ ಮೈಯ ಗಟ್ಟಿ ಎಲುಬುಗಳ ಮೇಲೆ, ಅಂದರೆ ಸೊಂಟದ ಎಲುಬು, ಎದೆಗೂಡು, ಹೆಗಲಿನ ಎಲುಬುಗಳ ಮೇಲೆ ಹಂಚುತ್ತದೆ.

ಸೊಂಟಕ್ಕೊಂದು, ಎದೆಗೊಂದು ಪಟ್ಟಿ ಇರುವ ಈ ಬೆಲ್ಟನ್ನು ಕಾರಿನಲ್ಲಿ ತಂದವರು ಸ್ವೀಡನ್ ದೇಶದ ವೋಲ್ವೋ ಕಂಪೆನಿಯ ಇಂಜಿನಿಯರ್ ನಿಲ್ಸ್ ಬೋಹ್ಲಿನ್, 1959ರಲ್ಲಿ. ಆ ಕಂಪೆನಿ ಅದನ್ನು ತನಗೆ ಮಾತ್ರ ಎಂದು ಇಟ್ಟುಕೊಳ್ಳದೆ ಬೇರೆ ಕಂಪೆನಿಗಳೂ ಬಳಸಲು ಬಿಟ್ಟಿತು. ಸೀಟ್ ಬೆಲ್ಟ್ ಹಾಕುವುದರಿಂದ ಕಾರಿನಲ್ಲಿರುವವರ ಸಾವಿನ ಅಪಾಯ ಅರ್ಧದಷ್ಟು ಕಡಿಮೆಯಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸರಿಯಾಗಿ ಹಾಕುವ ಕ್ರಮ

ಈಗ ಮುಖ್ಯ ವಿಷಯಕ್ಕೆ ಬರೋಣ. ಪೊಲೀಸರು ಕಂಡಾಗ ಬೆಲ್ಟನ್ನು ಎದೆಯ ಮೇಲೆ ಎಳೆದು ಕೈಯಲ್ಲಿ ಹಿಡಿದುಕೊಂಡು ಕೂರುವವರನ್ನು ನಾವು ನೋಡಿದ್ದೇವೆ. ಅದರಿಂದ ದಂಡ ತಪ್ಪಬಹುದು, ಪೆಟ್ಟು ತಪ್ಪುವುದಿಲ್ಲ. ತಪ್ಪಾಗಿ ಹಾಕಿದ ಬೆಲ್ಟ್ ಕೆಲವೊಮ್ಮೆ ತಾನೇ ಗಾಯ ಮಾಡುತ್ತದೆ. ಆದ್ದರಿಂದ ಒಂದೊಂದೇ ಹೆಜ್ಜೆ ಗಮನವಿಟ್ಟು ಕೇಳಿ.

1. ಮೊದಲು ಬೆನ್ನನ್ನು ಸೀಟಿಗೆ ಪೂರ್ತಿ ತಾಗಿಸಿ ನೇರವಾಗಿ ಕೂರಿ. ಸೀಟಿನ ತುದಿಯಲ್ಲಿ ಕೂರಬೇಡಿ. ಮುಂದಿನ ಸೀಟಿನಲ್ಲಿ ಕೂತವರು ಸೀಟನ್ನು ಹಿಂದಕ್ಕೆ ಬಾಗಿಸಿ ಮಲಗಿದ ಹಾಗೆ ಇರಬಾರದು. ಹಾಗಿದ್ದರೆ ಡಿಕ್ಕಿಯ ಸಮಯದಲ್ಲಿ ಮೈ ಬೆಲ್ಟಿನ ಅಡಿಯಿಂದ ಮುಂದಕ್ಕೆ ಜಾರುತ್ತದೆ.

2. ಬೆಲ್ಟನ್ನು ನಿಧಾನವಾಗಿ ಎಳೆಯಿರಿ. ಜೋರಾಗಿ ಎಳೆದರೆ ಅದು ಹಿಡಿದುಕೊಳ್ಳುತ್ತದೆ. "ಈ ಬೆಲ್ಟ್ ಬರೋದೇ ಇಲ್ಲ" ಎಂದು ಬಿಟ್ಟುಬಿಡಬೇಡಿ. ಸ್ವಲ್ಪ ಹಿಂದಕ್ಕೆ ಬಿಟ್ಟು ಮತ್ತೆ ಮೆಲ್ಲಗೆ ಎಳೆದರೆ ಬರುತ್ತದೆ. ಬೆಲ್ಟ್ ತಿರುಚಿಕೊಂಡಿರಬಾರದು. ಅಗಲವಾಗಿದ್ದರೆ ಪೆಟ್ಟು ಹಂಚಿಹೋಗುತ್ತದೆ, ತಿರುಚಿ ಹಗ್ಗದಂತಾದರೆ ಒಂದೇ ಕಡೆ ಒತ್ತುತ್ತದೆ.

3. ಲಾಕಿಗೆ ಸೇರಿಸಿ "ಟಕ್" ಎಂದು ಶಬ್ದ ಬರುವ ತನಕ ಒತ್ತಿ. ಆಮೇಲೆ ಒಮ್ಮೆ ಎಳೆದು ನೋಡಿ. ಹಿಂದಿನ ಸೀಟಿನಲ್ಲಿ ಎರಡು ಮೂರು ಲಾಕ್ ಒಟ್ಟಿಗೆ ಇರುವುದರಿಂದ ಪಕ್ಕದವರ ಲಾಕಿಗೆ ಸೇರಿಸದಂತೆ ನೋಡಿಕೊಳ್ಳಿ.

4. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು. ಇದನ್ನು ನೆನಪಿಟ್ಟುಕೊಳ್ಳಿ, ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಇಲ್ಲಿಯೇ. ಎರಡೂ ಕೈಯನ್ನು ಸೊಂಟದ ಮೇಲಿಟ್ಟು ಕೆಳಕ್ಕೆ ಜಾರಿಸಿದರೆ ಮುಂದೆ ಎರಡು ಬದಿ ಗಟ್ಟಿ ಎಲುಬು ಸಿಗುತ್ತದೆ. ಪಟ್ಟಿ ಆ ಎಲುಬಿನ ಮೇಲೆ, ತೊಡೆಯ ಬುಡಕ್ಕೆ ತಾಗಿಕೊಂಡು ಇರಬೇಕು. ಹೊಟ್ಟೆಯಲ್ಲಿ ಎಲುಬಿಲ್ಲ. ಪಟ್ಟಿ ಅಲ್ಲಿದ್ದರೆ ಡಿಕ್ಕಿಯಾದಾಗ ಕರುಳಿಗೆ, ಬೆನ್ನೆಲುಬಿಗೆ ಪೆಟ್ಟಾಗುತ್ತದೆ.

5. ಮೇಲಿನ ಪಟ್ಟಿ ಹೆಗಲಿನ ನಡುವೆ ಬಂದು, ಎದೆಯ ಮಧ್ಯದಿಂದ ಇಳಿದು, ಇನ್ನೊಂದು ಬದಿಯ ಸೊಂಟಕ್ಕೆ ಸೇರಬೇಕು. ಕುತ್ತಿಗೆಗೆ ಉಜ್ಜಬಾರದು, ತೋಳಿನ ಮೇಲೆ ಜಾರಲೂಬಾರದು. ಕುತ್ತಿಗೆಗೆ ತಾಗುತ್ತದೆ ಎಂದು ಅದನ್ನು ಕಂಕುಳ ಅಡಿಯಿಂದ ತೆಗೆಯುವವರಿದ್ದಾರೆ. ಹಾಗೆ ಮಾಡಿದರೆ ಪಕ್ಕೆಲುಬು ಮುರಿದು ಒಳಗಿನ ಅಂಗಗಳಿಗೆ ಚುಚ್ಚುವ ಅಪಾಯವಿದೆ. ಬೆನ್ನ ಹಿಂದೆ ಹಾಕಿದರೆ ತಲೆ ಎದೆಗಳಿಗೆ ರಕ್ಷಣೆಯೇ ಇಲ್ಲ. ಮುಂದಿನ ಸೀಟಿನಲ್ಲಿ ಪಕ್ಕದ ಕಂಬದಲ್ಲಿ ಬೆಲ್ಟನ್ನು ಮೇಲೆ ಕೆಳಗೆ ಮಾಡುವ ವ್ಯವಸ್ಥೆ ಎಷ್ಟೋ ಕಾರುಗಳಲ್ಲಿದೆ. ಕುಳ್ಳಗಿನವರು ಅದನ್ನು ಕೆಳಗಿಳಿಸಿಕೊಳ್ಳಿ.

6. ಕೊನೆಗೆ ಎದೆಯ ಪಟ್ಟಿಯನ್ನು ಮೇಲಕ್ಕೆ ಎಳೆದು ಸೊಂಟದ ಪಟ್ಟಿಯ ಸಡಿಲ ತೆಗೆಯಿರಿ. ಬೆಲ್ಟ್ ಮತ್ತು ಎದೆಯ ನಡುವೆ ಅಂಗೈ ಚಪ್ಪಟೆಯಾಗಿ ಹೋಗುವಷ್ಟು ಜಾಗ ಸಾಕು. ಬಿಗಿ ಆಗುತ್ತದೆ ಎಂದು ಬಟ್ಟೆ ಕ್ಲಿಪ್ ಹಾಕಿ ಸಡಿಲ ಇಡುವುದು ಬೇಡ.

ಸೀರೆ ಉಟ್ಟವರಿಗೆ

ಸೀರೆ ಉಟ್ಟರೆ ಬೆಲ್ಟ್ ಆಗುವುದಿಲ್ಲ, ನೆರಿಗೆ ಹಾಳಾಗುತ್ತದೆ ಎಂಬುದು ನಮ್ಮ ದೊಡ್ಡ ತಕರಾರು. ಸೀರೆಯಲ್ಲೂ ಸರಿಯಾಗಿ ಹಾಕಬಹುದು. ಕೂತ ಮೇಲೆ ಸೆರಗನ್ನು ಸರಿಮಾಡಿ, ಮುದ್ದೆಯಾಗದಂತೆ ಮಡಿಲಲ್ಲಿ ಹರಡಿ. ಆಮೇಲೆ ಬೆಲ್ಟ್ ಹಾಕಿ. ಸೊಂಟದ ಪಟ್ಟಿ ನೆರಿಗೆ ಸಿಕ್ಕಿಸಿದ ಗಂಟಿನ ಮೇಲೆ ಬರದೆ ಅದರ ಕೆಳಗೆ ಬರಬೇಕು. ಹೆಗಲ ಮೇಲಿನ ಸೇಫ್ಟಿ ಪಿನ್ ಬೆಲ್ಟಿನ ಅಡಿಗೆ ಸಿಕ್ಕಿದರೆ ಚುಚ್ಚುತ್ತದೆ, ಅದನ್ನು ಸ್ವಲ್ಪ ಸರಿಸಿ. ಕರಿಮಣಿ, ಸರ ಬೆಲ್ಟಿಗೆ ಸಿಕ್ಕಿಕೊಳ್ಳದಂತೆ ರವಿಕೆಯೊಳಗೆ ಹಾಕಿಕೊಳ್ಳಿ. ದಪ್ಪ ಸ್ವೆಟರ್, ಶಾಲು ಇದ್ದರೆ ಬಿಚ್ಚಿ, ಬೆಲ್ಟ್ ಹಾಕಿದ ಮೇಲೆ ಹೊದ್ದುಕೊಳ್ಳಿ. ವ್ಯಾನಿಟಿ ಬ್ಯಾಗನ್ನು ಬೆಲ್ಟ್ ಮತ್ತು ಹೊಟ್ಟೆಯ ನಡುವೆ ಇಡಬೇಡಿ. ಸೀರೆಗೆ ಒಂದು ಗೆರೆ ಬಿದ್ದರೆ ಇಸ್ತ್ರಿ ಹಾಕಬಹುದು.

ಗರ್ಭಿಣಿಯರು ಮತ್ತು ಬಾಣಂತಿಯರು

ಬಸುರಿ ಹೆಂಗಸಿಗೆ ಬೆಲ್ಟ್ ಹಾಕಿದರೆ ಮಗುವಿಗೆ ತೊಂದರೆ ಎಂದು ಹೇಳುವ ಹಿರಿಯರು ಇದ್ದಾರೆ. ಅವರ ಕಾಳಜಿ ನಿಜ, ಆದರೆ ವಿಷಯ ತಿರುವುಮುರುವಾಗಿದೆ. ತಾಯಿ ಉಳಿದರೆ ಮಗು ಉಳಿಯುತ್ತದೆ. ಬೆಲ್ಟ್ ಇಲ್ಲದೆ ತಾಯಿಯ ಹೊಟ್ಟೆ ಮುಂದಿನ ಸೀಟಿಗೆ ಬಡಿದರೆ ಇಬ್ಬರಿಗೂ ಅಪಾಯ. ಒಂಬತ್ತೂ ತಿಂಗಳು ಬೆಲ್ಟ್ ಹಾಕಬೇಕು, ಹಾಕುವ ಕ್ರಮ ಮಾತ್ರ ಗೊತ್ತಿರಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ, ಸೊಂಟದ ಎಲುಬಿನ ಮೇಲೆ. ಮೇಲಿನ ಪಟ್ಟಿ ಎರಡು ಸ್ತನಗಳ ನಡುವಿನಿಂದ ಬಂದು ಹೊಟ್ಟೆಯ ಉಬ್ಬಿನ ಬದಿಯಿಂದ ಇಳಿಯಬೇಕು. ಉಬ್ಬಿನ ಮೇಲೆ ಅಡ್ಡಲಾಗಿ ಯಾವ ಪಟ್ಟಿಯೂ ಬರಬಾರದು.

ಇನ್ನೊಂದು ಮಾತು. ಬಸುರಿ ಹೆಂಗಸು ಕೂತಿದ್ದ ವಾಹನಕ್ಕೆ ಸಣ್ಣ ಡಿಕ್ಕಿಯಾದರೂ, ನೋವಿಲ್ಲದಿದ್ದರೂ, ಅದೇ ದಿನ ಆಸ್ಪತ್ರೆಗೆ ತೋರಿಸಬೇಕು. ಒಳಗಿನ ತೊಂದರೆ ಕೆಲವೊಮ್ಮೆ ಹೊರಗೆ ಕಾಣುವುದಿಲ್ಲ.

ಸಿಸೇರಿಯನ್ ಆದವರೂ ಬೆಲ್ಟ್ ಹಾಕಬೇಕು. ಪಟ್ಟಿ ಉಜ್ಜಿ ನೋವಾಗುವುದಾದರೆ ಒಂದು ತೆಳು ಬಟ್ಟೆ ಮಡಚಿ ಅಡಿಗೆ ಇಟ್ಟುಕೊಳ್ಳಬಹುದು. ಪಟ್ಟಿಯನ್ನು ಮಾತ್ರ ಹೊಟ್ಟೆಯ ಮೇಲಕ್ಕೆ ಏರಿಸಬೇಡಿ.

ಮಗು ಮಡಿಲಲ್ಲಿದ್ದರೆ ಸಾಕೇ?

ಅಕ್ಕಂದಿರೇ, ಇದನ್ನು ಹೇಳುವಾಗ ನಿಮಗೆ ಬೇಸರವಾಗಬಹುದು. ಲೋಕದಲ್ಲಿ ತಾಯಿಯ ಮಡಿಲಿಗಿಂತ ಭದ್ರ ಜಾಗ ಬೇರೆ ಇಲ್ಲ ಎಂದು ನಂಬಿ ಬೆಳೆದವರು ನಾವು. ಓಡುವ ಕಾರಿನಲ್ಲಿ ಮಾತ್ರ ಆ ಮಾತು ನಡೆಯುವುದಿಲ್ಲ. 10 ಕೆ.ಜಿ. ತೂಕದ ಮಗು ನಿಮ್ಮ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. 50 ಕಿ.ಮೀ. ವೇಗದ ಕಾರು ಬಡಿದು ನಿಲ್ಲುವ ಆ ಕ್ಷಣದಲ್ಲಿ ಅದೇ ಮಗು ಸುಮಾರು 200 ಕೆ.ಜಿ. ಭಾರದಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ. 50 ಕೆ.ಜಿ.ಯ ನಾಲ್ಕು ಅಕ್ಕಿ ಮೂಟೆ! ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು. ಅದು ಪ್ರೀತಿಯ ಕೊರತೆಯಲ್ಲ, ತೋಳಿನ ಶಕ್ತಿಗೆ ಒಂದು ಮಿತಿ ಇದೆ.

ತಾಯಿ ಮಗು ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕುವುದು ಇನ್ನೂ ಅಪಾಯ. ತಾಯಿಯ ಮೈಯ ಭಾರಕ್ಕೆ ಮಗು ಬೆಲ್ಟಿನ ನಡುವೆ ಸಿಕ್ಕಿ ನಜ್ಜಾಗುತ್ತದೆ. ಮುಂದಿನ ಸೀಟಿನಲ್ಲಿ ಮಗುವನ್ನು ಎತ್ತಿಕೊಂಡು ಕೂರಲೇಬಾರದು. ಅಲ್ಲಿ ಏರ್ ಬ್ಯಾಗ್ ಇದ್ದರೆ ಕಣ್ಣು ಮಿಟುಕಿಸುವುದರೊಳಗೆ ರಭಸದಿಂದ ಬಿಚ್ಚಿಕೊಂಡು ಮಗುವಿನ ತಲೆಗೇ ಬಡಿಯುತ್ತದೆ.

ಹಾಗಾದರೆ ಏನು ಮಾಡುವುದು? ಸಣ್ಣ ಮಕ್ಕಳಿಗೆಂದೇ ಮಾಡಿದ ಸೀಟು ಸಿಗುತ್ತದೆ. ಅದನ್ನು ಹಿಂದಿನ ಸೀಟಿನಲ್ಲಿಟ್ಟು ಕಾರಿನ ಬೆಲ್ಟಿನಿಂದ ಬಿಗಿಯಬೇಕು. ಹಸುಗೂಸುಗಳ ಮುಖ ಕಾರಿನ ಹಿಂಬದಿಗೆ ತಿರುಗಿರಬೇಕು. ಸ್ವಲ್ಪ ದೊಡ್ಡ ಮಕ್ಕಳಿಗೆ ಎತ್ತರಿಸುವ ಸೀಟು, ಬೂಸ್ಟರ್ ಎನ್ನುತ್ತಾರೆ, ಅದು ಬೇಕು. ಮಗು ಸುಮಾರು ನಾಲ್ಕೂಮುಕ್ಕಾಲು ಅಡಿ ಎತ್ತರ ಆಗುವ ತನಕ ದೊಡ್ಡವರ ಬೆಲ್ಟ್ ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಹನ್ನೆರಡು ವರ್ಷದ ತನಕ ಮಕ್ಕಳು ಹಿಂದಿನ ಸೀಟಿನಲ್ಲೇ ಕೂರಲಿ.

ಮಗುವಿನ ಸೀಟು ತರಲು ಕೆಲವು ಸಾವಿರ ರೂಪಾಯಿ ಬೇಕು. ಒಂದು ಮನೆಗೆ ಕಷ್ಟ. ಆದರೆ ನಾವು ಸಂಘದವರು. ಸಮಾರಂಭಕ್ಕೆ ಬೇಕೆಂದು ದೊಡ್ಡ ಪಾತ್ರೆ, ಕುರ್ಚಿ ತೆಗೆದಿಟ್ಟು ಸದಸ್ಯೆಯರಿಗೆ ಕೊಡುವ ಸಂಘಗಳು ಇಲ್ಲಿಯೇ ಇವೆ. ಹಾಗೆಯೇ ಒಂದು ಹಸುಗೂಸಿನ ಸೀಟು, ಒಂದು ಬೂಸ್ಟರ್ ತೆಗೆದಿಟ್ಟರೆ ಹೆರಿಗೆ ಮುಗಿಸಿ ಮನೆಗೆ ಬರುವಾಗ, ಚುಚ್ಚುಮದ್ದಿಗೆ ಹೋಗುವಾಗ, ಮದುವೆಗೆ ಹೋಗುವಾಗ ಒಬ್ಬರಾದ ಮೇಲೆ ಒಬ್ಬರು ಬಳಸಬಹುದು. ಅಪಘಾತಕ್ಕೆ ಸಿಕ್ಕಿದ ಹಳೆ ಸೀಟನ್ನು ಮಾತ್ರ ತರಬಾರದು.

ಅದು ಆಗುವ ತನಕ? ಕೂರಲು ಬರುವ ಮಗುವನ್ನು ಹಿಂದಿನ ಸೀಟಿನಲ್ಲಿ ಪ್ರತ್ಯೇಕ ಬೆಲ್ಟ್ ಹಾಕಿ ಕೂರಿಸಿ. ಸೊಂಟದ ಪಟ್ಟಿ ತೊಡೆಯ ಬುಡದಲ್ಲಿರಲಿ. ಎದೆಯ ಪಟ್ಟಿ ಕುತ್ತಿಗೆಗೆ ತಾಗಿದರೆ ಮಗುವನ್ನು ಲಾಕಿನ ಕಡೆಗೆ ಸ್ವಲ್ಪ ಸರಿಸಿ. ಎರಡು ಮಕ್ಕಳಿಗೆ ಒಂದು ಬೆಲ್ಟ್ ಬೇಡ. ಎತ್ತಿಕೊಳ್ಳುವ ಮಗುವಾದರೆ ಹಿಂದಿನ ಸೀಟಿನಲ್ಲೇ ಕೂರಿ, ನಿಮ್ಮ ಬೆಲ್ಟನ್ನು ನಿಮಗೆ ಮಾತ್ರ ಹಾಕಿ, ಮಗು ಬೆಲ್ಟಿನ ಹೊರಗಿರಲಿ, ಡ್ರೈವರಿಗೆ ನಿಧಾನ ಹೋಗಲು ಹೇಳಿ. ಇದು ಪೂರ್ಣ ರಕ್ಷಣೆಯಲ್ಲ, ಇದ್ದುದರಲ್ಲಿ ಅಪಾಯ ಕಡಿಮೆ ಅಷ್ಟೇ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮ 138ರ ಪ್ರಕಾರ ಚಾಲಕರು, ಅವರ ಪಕ್ಕ ಕೂತವರು ಮಾತ್ರವಲ್ಲ, ಹಿಂದಿನ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತವರೂ ಬೆಲ್ಟ್ ಹಾಕಬೇಕು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ 194-ಬಿ ಎಂಬ ಕಲಂ ಬಂತು. ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ ದಂಡ ಎಂದು ಅದರಲ್ಲಿದೆ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ವ್ಯವಸ್ಥೆ ಮಾಡದಿದ್ದರೂ ಅಷ್ಟೇ ದಂಡ. 2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಚಾಲಕರು ಮತ್ತು ಅವರ ಪಕ್ಕದವರು ಬೆಲ್ಟ್ ಹಾಕದಿದ್ದರೆ "ಟಿಂಗ್ ಟಿಂಗ್" ಎಂದು ಎಚ್ಚರಿಸುವ ಶಬ್ದ ಕಡ್ಡಾಯವಾಯಿತು.

ನಮ್ಮ ಜನ ಬುದ್ಧಿವಂತರು. ಆ ಶಬ್ದ ನಿಲ್ಲಿಸಲು ಬೆಲ್ಟಿಲ್ಲದ ಬರೇ ಕೊಂಡಿಯನ್ನು ಲಾಕಿಗೆ ಸಿಕ್ಕಿಸಿ ಕೂರುತ್ತಾರೆ. ಇಂಥ ಕೊಂಡಿಗಳನ್ನು ಮಾರುವುದನ್ನು ನಿಲ್ಲಿಸಬೇಕೆಂದು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ಕಂಪೆನಿಗಳಿಗೆ ಆದೇಶ ಮಾಡಿತು. ನೀವು ಕೂರುವ ಕಾರಿನಲ್ಲಿ ಅಂಥದ್ದು ಕಂಡರೆ ತೆಗೆಸಿ.

ಸದಸ್ಯೆಯರು ಕೇಳಿದ ಪ್ರಶ್ನೆಗಳು

"ಪೇಟೆಗೆ ಬರೀ ಎರಡು ಮೈಲು. ಅಷ್ಟಕ್ಕೂ ಬೆಲ್ಟ್ ಬೇಕಾ?"
ಬೇಕು. ಎದುರಿನಿಂದ ಬರುವ ಲಾರಿಗೆ ನಿಮ್ಮ ಮನೆ ಹತ್ತಿರವೋ ದೂರವೋ ಎಂದು ಗೊತ್ತಿರುವುದಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಹೋಗುವಾಗ ಎಲ್ಲರೂ ಎಚ್ಚರದಿಂದ ಇರುತ್ತಾರೆ. ಊರ ರಸ್ತೆಯಲ್ಲಿ ದನ ಅಡ್ಡ ಬಂದಾಗ ಎಚ್ಚರ ಇರುವುದಿಲ್ಲ.

"ಕಾರಿಗೆ ಬೆಂಕಿ ಹತ್ತಿದರೆ, ಹೊಳೆಗೆ ಬಿದ್ದರೆ ಬೆಲ್ಟ್ ಬಿಚ್ಚಲು ಆಗದೆ ಸಾಯುತ್ತೇವಲ್ಲ?"
ಅಂಥ ಅಪಘಾತಗಳು ಬಹಳ ಕಡಿಮೆ. ಆಗಲೂ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದವರು ಹೊರಗೆ ಬರಲಾರರು. ಬೆಲ್ಟ್ ಹಾಕಿ ಪ್ರಜ್ಞೆಯಲ್ಲಿದ್ದವರು ಕೆಂಪು ಗುಂಡಿ ಒತ್ತಿ ಬಿಡಿಸಿಕೊಳ್ಳಬಹುದು. ಕಣ್ಣು ಮುಚ್ಚಿ ಆ ಗುಂಡಿ ಹುಡುಕುವುದನ್ನು ಮಕ್ಕಳಿಗೂ ಕಲಿಸಿ.

"ಏರ್ ಬ್ಯಾಗ್ ಇದೆಯಲ್ಲ?"
ಏರ್ ಬ್ಯಾಗ್ ಇರುವುದು ಬೆಲ್ಟಿನ ಜೊತೆಗೆ ಕೆಲಸ ಮಾಡಲು. ಬೆಲ್ಟ್ ಇಲ್ಲದವರು ಮುಂದಕ್ಕೆ ಹಾರಿ, ಆಗಷ್ಟೇ ಬಿಚ್ಚಿಕೊಳ್ಳುವ ಬ್ಯಾಗಿಗೆ ತುಂಬಾ ಹತ್ತಿರದಿಂದ ಬಡಿಯುತ್ತಾರೆ. ನಿಮ್ಮಲ್ಲಿ ಕಾರು ಓಡಿಸುವವರು ಸ್ಟೀರಿಂಗ್ ಮತ್ತು ಎದೆಯ ನಡುವೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಂದರೆ 10 ಇಂಚಾದರೂ ಅಂತರ ಇರುವಂತೆ ಕೂರಬೇಕು.

"ಹಿಂದೆ ನಡುವಿನ ಸೀಟಿನಲ್ಲಿ ಬರೇ ಸೊಂಟದ ಪಟ್ಟಿ ಇದೆ. ಹಾಕಬೇಕಾ?"
ಹಳೆ ಕಾರುಗಳಲ್ಲಿ ಹಾಗಿರುತ್ತದೆ. ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ಹೊಟ್ಟೆಯ ಮೇಲೆ ಬಾರದಂತೆ ಕೆಳಗೆ ಬಿಗಿಯಾಗಿ ಹಾಕಿ.

"ನಾನು ಹಾಕಿದ್ದೇನೆ. ಹಿಂದಿನವರು ಹಾಕದಿದ್ದರೆ ನನಗೇನು?"
ಬೆಲ್ಟ್ ಇಲ್ಲದೆ ಹಿಂದೆ ಕೂತವರು ಡಿಕ್ಕಿಯಾದಾಗ ಮೂಟೆಯಂತೆ ನಿಮ್ಮ ಸೀಟಿಗೆ ಬಂದು ಬಡಿಯುತ್ತಾರೆ. ಪಕ್ಕದಲ್ಲಿದ್ದವರು ನಿಮ್ಮ ಮೇಲೆಯೇ ಬೀಳುತ್ತಾರೆ. ಆದ್ದರಿಂದ ಎಲ್ಲರೂ ಹಾಕಿದರೇ ಎಲ್ಲರಿಗೂ ಕ್ಷೇಮ.

"ರಿಕ್ಷಾದಲ್ಲಿ ಬೆಲ್ಟೇ ಇಲ್ಲವಲ್ಲ?"
ನಿಜ, ಇಲ್ಲ. ಅಲ್ಲಿ ಹೆಚ್ಚು ಜನ ತುಂಬದಿರುವುದು, ಮಕ್ಕಳನ್ನು ಒಳಬದಿಗೆ ಕೂರಿಸುವುದು, ವೇಗ ಬೇಡ ಎನ್ನುವುದು, ಇಷ್ಟು ನಮ್ಮ ಕೈಯಲ್ಲಿದೆ.

ಕಾರು ಬಾಡಿಗೆಗೆ ಗೊತ್ತು ಮಾಡುವಾಗ

ಬಾಡಿಗೆ ಎಷ್ಟು ಎಂದು ನಾವು ಚೌಕಾಸಿ ಮಾಡುತ್ತೇವೆ. ಬೆಲ್ಟ್ ಇದೆಯಾ ಎಂದು ಕೇಳುವುದಿಲ್ಲ. ಇನ್ನು ಮುಂದೆ ಎರಡನ್ನೂ ಕೇಳಿ. "ಹಿಂದಿನ ಸೀಟಿನಲ್ಲಿ ಎಲ್ಲರಿಗೂ ಬೆಲ್ಟ್ ಬೇಕು, ಸೀಟ್ ಕವರಿನ ಅಡಿಯಿಂದ ಲಾಕ್ ಮೇಲೆ ತೆಗೆದಿಡಿ" ಎಂದು ಮೊದಲೇ ಹೇಳಿ. ಗಾಡಿ ಬಂದಾಗ ಹತ್ತುವ ಮೊದಲು ಪರೀಕ್ಷೆ ಮಾಡಿ. ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಅಂಚು ಹರಿದಿದೆಯಾ, ನೂಲು ಬಿಟ್ಟಿದೆಯಾ? ಒಮ್ಮೆ ಜೋರಾಗಿ ಜಗ್ಗಿದರೆ ಹಿಡಿದುಕೊಳ್ಳಬೇಕು. ಬಿಟ್ಟರೆ ತಾನಾಗಿ ಒಳಗೆ ಸುತ್ತಿಕೊಳ್ಳಬೇಕು. ಲಾಕ್ ಸರಿಯಾಗಿ ಕೂರಬೇಕು. ದೊಡ್ಡ ಅಪಘಾತಕ್ಕೆ ಸಿಕ್ಕಿದ ಕಾರಿನ ಬೆಲ್ಟನ್ನು ಬದಲಾಯಿಸಲೇಬೇಕು, ನೋಡಲು ಚೆನ್ನಾಗಿ ಕಂಡರೂ ಅದರ ಶಕ್ತಿ ಹೋಗಿರುತ್ತದೆ.

ಎಷ್ಟು ಬೆಲ್ಟ್ ಇದೆಯೋ ಅಷ್ಟೇ ಜನ ಕೂರಬೇಕು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಐದು ಜನರ ಕಾರಿಗೆ ಒಂಬತ್ತು ಜನ ತುಂಬುವುದು ನಮ್ಮಲ್ಲಿ ಮಾಮೂಲಿ. ಉಳಿಯುವುದು ಇನ್ನೂರೋ ಮುನ್ನೂರೋ ರೂಪಾಯಿ. ಒಬ್ಬ ಸದಸ್ಯೆಯ ಕಾಲು ಮುರಿದು ಮೂರು ತಿಂಗಳು ಹಾಸಿಗೆ ಹಿಡಿದರೆ ಬೀಡಿ ಇಲ್ಲ, ಟೈಲರಿಂಗ್ ಇಲ್ಲ, ಹಾಲು ಡೈರಿಗೆ ಹೋಗುವುದಿಲ್ಲ, ಸಾಲದ ಕಂತು ನಿಲ್ಲುತ್ತದೆ. ವರ್ಷಗಟ್ಟಲೆ ವಾರ ವಾರ ಕೂಡಿಟ್ಟದ್ದು ಒಂದೇ ಆಸ್ಪತ್ರೆ ಬಿಲ್ಲಿಗೆ ಹೋಗುತ್ತದೆ. ಲೆಕ್ಕ ಬರೆಯಲು ಕಲಿತ ನಮಗೆ ಈ ಲೆಕ್ಕವೂ ತಿಳಿಯಬೇಕು.

ಡ್ರೈವರ್ ನಗಬಹುದು. "ಹಿಂದೆ ಯಾರು ಕೇಳ್ತಾರಮ್ಮಾ?" ಎನ್ನಬಹುದು. ಮನೆಯವರು "ನಿಂದೊಂದು ಹೊಸ ರಗಳೆ" ಎನ್ನಬಹುದು. ಜಗಳ ಬೇಡ. "ಎಲ್ಲರೂ ಹಾಕಿದ ಮೇಲೆ ಹೊರಡೋಣ, ಎರಡು ನಿಮಿಷ" ಎಂದು ಮೆತ್ತಗೆ ಹೇಳಿ ಕೂತುಬಿಡಿ. ಬ್ಯಾಂಕ್ ಮ್ಯಾನೇಜರ ಎದುರು, ಗ್ರಾಮಸಭೆಯಲ್ಲಿ ಎದ್ದು ಮಾತಾಡಲು ಕಲಿತವರು ನೀವು. ಇದು ಅದಕ್ಕಿಂತ ಕಷ್ಟವಲ್ಲ.

ಅಪಘಾತವಾದರೆ

108ಕ್ಕೆ ಕರೆ ಮಾಡಿ. ಗಾಯಾಳುವಿನ ಕುತ್ತಿಗೆ ಅಲುಗದಂತೆ ನೋಡಿಕೊಳ್ಳಿ, ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಎಳೆದಾಡಬೇಡಿ. ಸಹಾಯ ಮಾಡಿದವರಿಗೆ ತೊಂದರೆಯಾಗದಂತೆ 2019ರ ತಿದ್ದುಪಡಿಯಲ್ಲಿ ಕಾನೂನಿನ ರಕ್ಷಣೆ ಇದೆ, ಹೆದರಬೇಡಿ. ಬೆಲ್ಟ್ ಹಾಕಿದವರ ಹೊಟ್ಟೆಯ ಮೇಲೆ ಬೆಲ್ಟಿನ ಕೆಂಪು ಅಥವಾ ನೀಲಿ ಗೆರೆ ಬಿದ್ದಿದ್ದರೆ, ಹೊಟ್ಟೆನೋವು ಅಥವಾ ವಾಂತಿ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಆ ಗುರುತನ್ನು ವೈದ್ಯರಿಗೆ ತೋರಿಸಿ. ಒಳಗೆ ರಕ್ತಸ್ರಾವ ಆಗುತ್ತಿರಬಹುದು.

ಕೊನೆಯದಾಗಿ ನನ್ನ ಕೋರಿಕೆ ಇಷ್ಟು. ಮುಂದಿನ ವಾರದ ಸಂಘದ ಸಭೆಯಲ್ಲಿ ಮೂರು ನಿರ್ಣಯ ಬರೆಯಿರಿ. ಒಂದು, ಸಂಘದಿಂದ ಹೋಗುವ ಯಾವ ಪ್ರಯಾಣಕ್ಕೂ ಬೆಲ್ಟ್ ಇಲ್ಲದ ಕಾರು ಬೇಡ. ಎರಡು, ಬೆಲ್ಟಿನ ಸಂಖ್ಯೆಗಿಂತ ಹೆಚ್ಚು ಜನ ಬೇಡ. ಮೂರು, ಮಕ್ಕಳ ಸೀಟು ಕೊಳ್ಳುವ ಬಗ್ಗೆ ಚರ್ಚೆ. ಬರೆದ ಮೇಲೆ ಎಲ್ಲರೂ ಸಹಿ ಹಾಕಿ. ಇವತ್ತು ಮನೆಗೆ ಹೋಗಿ, ಸೊಂಟದ ಎಲುಬು ಎಲ್ಲಿದೆ, ಪಟ್ಟಿ ಎಲ್ಲಿ ಬರಬೇಕು ಎಂದು ಮಕ್ಕಳಿಗೂ ಸೊಸೆಯಂದಿರಿಗೂ ಸೆರಗು ಹಿಡಿದು ತೋರಿಸಿಕೊಡಿ. ಒಬ್ಬರು ನಾಲ್ವರಿಗೆ ಹೇಳಿದರೆ ಈ ಮಾತು ಊರೆಲ್ಲ ಮುಟ್ಟುತ್ತದೆ.